ಹಳೆಯ ಸಂಚಿಕೆಗಳಲ್ಲಿ ನಮ್ಮ ಊರು: ಹುಡುಕುವುದು ಹೇಗೆ?

ಹಳೆಯ ಪತ್ರಿಕೆಗಳನ್ನು ಗಣಕದಲ್ಲಿ ಹುಡುಕಿ ಓದುವ ವಿಷಯವನ್ನು ನಮ್ಮ ಮಾತುಕತೆ ಕಾರ್ಯಕ್ರಮದಲ್ಲಿ ಚರ್ಚಿಸಿದ ಬಳಿಕ ಬಂದ ಪತ್ರಗಳಲ್ಲಿ ಒಂದು ಕಂಪ್ಲಿ ತಾಲ್ಲೂಕಿನ ಎಮ್ಮಿಗನೂರಿನದು. ಬರೆದವರು ಶಾಲಾ ಶಿಕ್ಷಕರು. ಊರಿನ ಶಾಲೆಯ ಸ್ಮರಣ ಸಂಚಿಕೆಗೆ ಊರಿನ ಇತಿಹಾಸ ಬರೆಯುವ ಹೊಣೆ ಅವರ ಮೇಲೆ ಬಿದ್ದಿದೆ. ಅವರ ಪ್ರಶ್ನೆಯ ಸಾರಾಂಶ ಇಷ್ಟು: 'ಎಮ್ಮಿಗನೂರು ಎಂದು ಕನ್ನಡದಲ್ಲಿ ಹುಡುಕಿದರೆ ಹಳೆಯ ಪತ್ರಿಕೆಗಳಲ್ಲಿ ಏನೂ ಸಿಗಲಿಲ್ಲ. ಇಂಗ್ಲಿಷಿನಲ್ಲಿ ಹುಡುಕಿದರೆ ಕೈಮಗ್ಗದ ಬಗ್ಗೆ ರಾಶಿ ರಾಶಿ ಸಿಕ್ಕಿತು. ಕೆಲವು ಕಡೆ ಬಳ್ಳಾರಿ ಜಿಲ್ಲೆ ಎಂದೂ ಇದೆ. ನಮ್ಮ ಊರು ಹಿಂದೆ ಮಗ್ಗಗಳಿಗೆ ಹೆಸರಾಗಿತ್ತೆಂದು ಬರೆಯಬಹುದೆ?'

ಬರೆಯಬಾರದು ಎಂಬುದು ನಮ್ಮ ಉತ್ತರ. ಏಕೆ ಬರೆಯಬಾರದು ಎಂಬುದನ್ನು ತಿಳಿಯಬೇಕಾದರೆ ಈ ಹುಡುಕಾಟದ ಯಂತ್ರ ಕೆಲಸ ಮಾಡುವ ರೀತಿಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಸ್ಮರಣ ಸಂಚಿಕೆಯಲ್ಲಿ ಒಮ್ಮೆ ಅಚ್ಚಾದ ಮಾತನ್ನು ಮುಂದಿನವರು ಪ್ರಮಾಣವೆಂದೇ ಎತ್ತಿ ಬರೆಯುತ್ತಾರೆ. ಹತ್ತು ವರ್ಷ ಕಳೆಯುವ ಹೊತ್ತಿಗೆ ಊರಿನ ಮಕ್ಕಳೇ ಅದನ್ನು ಪಾಠದಂತೆ ಒಪ್ಪಿಸುತ್ತಾರೆ. ಆದ್ದರಿಂದ ಇದನ್ನು ಸಣ್ಣ ವಿಷಯವೆಂದು ತಳ್ಳಿಹಾಕುವಂತಿಲ್ಲ.

ಚಿತ್ರ ಬೇರೆ, ಅಕ್ಷರ ಬೇರೆ

ಹಳೆಯ ಸಂಚಿಕೆಯ ಪುಟವನ್ನು ಸ್ಕ್ಯಾನರ್ ಯಂತ್ರದ ಅಡಿಯಲ್ಲಿಟ್ಟಾಗ ದೊರೆಯುವುದು ಆ ಪುಟದ ಒಂದು ಛಾಯಾಚಿತ್ರ ಮಾತ್ರ. ನಾವು ಅದರಲ್ಲಿ ಅಕ್ಷರಗಳನ್ನು ಕಾಣುತ್ತೇವೆ, ಆದರೆ ಗಣಕಕ್ಕೆ ಅದು ಕಪ್ಪು ಬಿಳುಪು ಚುಕ್ಕೆಗಳ ರಾಶಿ. ಮರದ ಚಿತ್ರಕ್ಕೂ ಲೇಖನದ ಚಿತ್ರಕ್ಕೂ ಅದು ವ್ಯತ್ಯಾಸ ತಿಳಿಯದು. ಇಂಥ ಚಿತ್ರಗಳನ್ನು ಎಷ್ಟು ಲಕ್ಷ ಸೇರಿಸಿಟ್ಟರೂ ಅದು ಬೀಗ ಹಾಕಿದ ಕಪಾಟಿನಂತೆ. ಓದಬಹುದು, ಆದರೆ ಹುಡುಕಲಾಗದು.

ಹುಡುಕಬೇಕಾದರೆ ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿ ಬರಹವಾಗಿ ಮಾಡುವ ಇನ್ನೊಂದು ತಂತ್ರಾಂಶ ಬೇಕು. ಇದಕ್ಕೆ ಓಸಿಆರ್ ಎಂದು ಹೆಸರು. ಅದು ಪುಟದ ಪ್ರತಿಯೊಂದು ಅಕ್ಷರದ ಆಕಾರವನ್ನು ನೋಡಿ 'ಇದು ಕ, ಇದು ಮ' ಎಂದು ಊಹಿಸುತ್ತದೆ. ಹೀಗೆ ದೊರೆತ ಬರಹವನ್ನು ಚಿತ್ರದ ಹಿಂದೆ ಕಾಣದಂತೆ ಜೋಡಿಸಿಡಲಾಗುತ್ತದೆ. ನಾವು ನೋಡುವುದು ಚಿತ್ರವನ್ನು, ಯಂತ್ರ ಹುಡುಕುವುದು ಅದರ ಹಿಂದಿನ ಬರಹವನ್ನು. ಎರಡೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ನಮ್ಮ ಕಷ್ಟಗಳಲ್ಲಿ ಅರ್ಧಕ್ಕೆ ಇದೇ ಕಾರಣ.

ಮೂರನೆಯ ಹಂತ ಸೂಚಿಯದು. ಪುಸ್ತಕದ ಕೊನೆಯಲ್ಲಿ ಪದಸೂಚಿ ಇರುತ್ತದಲ್ಲವೆ? 'ತುಂಗಭದ್ರಾ: ಪುಟ 14, 37, 92' ಎಂಬಂತೆ. ಗಣಕವೂ ಎಲ್ಲ ಸಂಚಿಕೆಗಳ ಎಲ್ಲ ಪದಗಳಿಗೆ ಮೊದಲೇ ಇಂಥ ಸೂಚಿಯನ್ನು ತಯಾರಿಸಿಟ್ಟುಕೊಂಡಿರುತ್ತದೆ. ನೀವು ಪದ ಬೆರಳಚ್ಚಿಸಿದ ಕ್ಷಣದಲ್ಲಿ ಉತ್ತರ ಬರುವುದಕ್ಕೆ ಕಾರಣ ಇದು. ಯಂತ್ರ ಆಗ ಸಂಚಿಕೆಗಳನ್ನು ಓದುವುದಿಲ್ಲ, ಸೂಚಿಯನ್ನಷ್ಟೇ ನೋಡುತ್ತದೆ. ಸೂಚಿಯಲ್ಲಿ ಪದ ತಪ್ಪಾಗಿ ದಾಖಲಾಗಿದ್ದರೆ, ಪುಟದಲ್ಲಿ ಅದು ಕಣ್ಣಿಗೆ ರಾಚುವಂತಿದ್ದರೂ ಯಂತ್ರದ ಪಾಲಿಗೆ ಇಲ್ಲವೇ ಇಲ್ಲ.

ಕನ್ನಡ ಪುಟದ ತೊಡಕುಗಳು

ಇಂಗ್ಲಿಷ್ ಪತ್ರಿಕೆಗಳ ವಿಷಯದಲ್ಲಿ ಈ ಕೆಲಸ ಸುಮಾರಾಗಿ ಸುಗಮ. ಬೆಂಗಳೂರಿನಿಂದ 1932ರ ಜುಲೈನಲ್ಲಿ ಆರಂಭವಾದ 'ಕರೆಂಟ್ ಸೈನ್ಸ್' ವಿಜ್ಞಾನ ಪತ್ರಿಕೆ ಒಳ್ಳೆಯ ಉದಾಹರಣೆ. ಮೊದಲ ಸಂಪುಟದಿಂದ ಹಿಡಿದು ಅದರ ಹಳೆಯ ಸಂಚಿಕೆಗಳು ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಭಾರತೀಯ ವಿಜ್ಞಾನ ಅಕಾಡೆಮಿ 1996ರ ಜನವರಿಯಿಂದ ಹೊರತರುತ್ತಿರುವ 'ರೆಸೊನೆನ್ಸ್' ಪತ್ರಿಕೆಯೂ ಹಾಗೆಯೇ. ಸಂಡೂರಿನ ಕಬ್ಬಿಣ, ಮ್ಯಾಂಗನೀಸ್ ಅದಿರಿನ ಬೆಟ್ಟಗಳ ಬಗ್ಗೆ ಭೂವಿಜ್ಞಾನಿಗಳು ಬರೆದದ್ದನ್ನು ತಿಳಿಯಬಯಸುವ ಕಾಲೇಜು ವಿದ್ಯಾರ್ಥಿ ಇಂಥ ಭಂಡಾರದಿಂದಲೇ ಹುಡುಕಾಟ ಆರಂಭಿಸಬಹುದು.

ಕನ್ನಡದ ಸ್ಥಿತಿ ಬೇರೆ. ಹಳೆಯ ಕನ್ನಡ ಪುಸ್ತಕ, ನಿಯತಕಾಲಿಕೆಗಳು ಬಹಳಷ್ಟು ಸಿಗುವುದು 1996ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದ ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಭಂಡಾರದಲ್ಲಿ. ಬೆಂಗಳೂರಿನಲ್ಲಿ ಸರ್ವೆಂಟ್ಸ್ ಆಫ್ ನಾಲೆಡ್ಜ್ ಬಳಗದವರು ಸ್ಕ್ಯಾನ್ ಮಾಡುತ್ತಿರುವ ಕನ್ನಡ ಸಾಮಗ್ರಿಯೂ ಅಲ್ಲಿಗೇ ಸೇರುತ್ತದೆ. ಆ ಭಂಡಾರ ಮೊದಲು ಬಳಸುತ್ತಿದ್ದ ಓಸಿಆರ್ ತಂತ್ರಾಂಶಕ್ಕೆ ಕನ್ನಡ ಓದಲು ಬರುತ್ತಿರಲಿಲ್ಲ. 2020ರ ಸುಮಾರಿಗೆ ಅವರು ಕನ್ನಡ ಬಲ್ಲ 'ಟೆಸರಾಕ್ಟ್' ತಂತ್ರಾಂಶಕ್ಕೆ ಬದಲಾಯಿಸಿಕೊಂಡರು. ಆದ್ದರಿಂದ ಅಲ್ಲಿ ಅದಕ್ಕೂ ಮೊದಲು ಸೇರಿದ ಕನ್ನಡ ಕೃತಿಗಳಲ್ಲಿ ಕೆಲವು ಇಂದಿಗೂ ಬರಿಯ ಚಿತ್ರಗಳಾಗಿಯೇ ಉಳಿದಿರಬಹುದು. ಕನ್ನಡ ಓಸಿಆರ್ ಬಗ್ಗೆ ನಮ್ಮಲ್ಲೂ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ. ಜಿ. ರಾಮಕೃಷ್ಣನ್ ಅವರ ತಂಡ 'ಲಿಪಿ ಜ್ಞಾನಿ' ಎಂಬ ತಂತ್ರಾಂಶವನ್ನು ರೂಪಿಸಿದೆ.

ಕನ್ನಡ ಓದುವ ಯಂತ್ರಕ್ಕೂ ನಮ್ಮ ಲಿಪಿ ಸುಲಭವಲ್ಲ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿದು ಮುಂದಿನ ಸಾಲಿನ ದೀರ್ಘ, ಗುಡಿಸುಗಳಿಗೆ ತಾಗುತ್ತವೆ. ಮ ಮತ್ತು ವ, ಪ ಮತ್ತು ಷ, ಎ ಮತ್ತು ಏ, ಥ ಮತ್ತು ಧ ಇವುಗಳ ನಡುವೆ ಇರುವ ವ್ಯತ್ಯಾಸ ಒಂದು ಸಣ್ಣ ಗೆರೆಯದು. ಸೀಸದ ಅಚ್ಚುಮೊಳೆ ಸವೆದಿದ್ದರೆ, ಕಾಗದ ಹಳದಿಗೆ ತಿರುಗಿದ್ದರೆ ಆ ಗೆರೆಯೂ ಮಾಯ. 'ಎಮ್ಮಿಗನೂರು' ಎಂಬುದನ್ನು ಯಂತ್ರ 'ಎವ್ಮಿಗನೂರು' ಎಂದೋ 'ಏಮ್ಮಿಗನೂರು' ಎಂದೋ ಓದಿಕೊಂಡಿರಬಹುದು. ಪದ ಸಾಲಿನ ಕೊನೆಯಲ್ಲಿ ಬಂದು 'ಎಮ್ಮಿಗ' ಮೇಲಿನ ಸಾಲಿನಲ್ಲೂ 'ನೂರು' ಕೆಳಗಿನ ಸಾಲಿನಲ್ಲೂ ಉಳಿದಿದ್ದರೆ ಯಂತ್ರದ ಸೂಚಿಯಲ್ಲಿ ಅವು ಎರಡು ಬೇರೆ ಬೇರೆ ಪದಗಳು.

1990ರ ದಶಕದಿಂದ ಈಚೆಗೆ ಗಣಕದಲ್ಲೇ ಜೋಡಿಸಿದ ಪತ್ರಿಕೆಗಳಾದರೆ ಈ ತೊಂದರೆ ಇರಬಾರದಲ್ಲವೆ ಎಂದು ಕೇಳಬಹುದು. ಅಲ್ಲಿಯ ತೊಂದರೆ ಬೇರೆ ಬಗೆಯದು. ಆ ಕಾಲದ ಕನ್ನಡ ಅಕ್ಷರ ಜೋಡಣೆಯ ತಂತ್ರಾಂಶಗಳು ಒಂದೊಂದೂ ತಮ್ಮದೇ ಸಂಕೇತಗಳನ್ನು ಬಳಸುತ್ತಿದ್ದವು. ಕನ್ನಡ ಅಕ್ಷರದ ಆಕಾರವನ್ನು ಇಂಗ್ಲಿಷ್ ಅಕ್ಷರದ ಸಂಖ್ಯೆಯ ಮೇಲೆ ಕೂರಿಸುವ ಉಪಾಯ ಅದು. ಪರದೆಯ ಮೇಲೆ ಅಚ್ಚುಕಟ್ಟಾದ ಕನ್ನಡ ಕಾಣುತ್ತದೆ, ಆದರೆ ಒಳಗಿರುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಎಲ್ಲ ಭಾಷೆಗಳಿಗೂ ಸಮಾನವಾದ ಯೂನಿಕೋಡ್ ಸಂಕೇತದಲ್ಲಿ ನೀವು ಇಂದು ಹುಡುಕಿದರೆ ಅದು ಸಿಗುವುದಿಲ್ಲ. 1950ರ ಸಂಚಿಕೆ ಸಿಕ್ಕು 1998ರ ಸಂಚಿಕೆ ಸಿಗದೆ ಹೋಗುವ ವಿಚಿತ್ರದ ಹಿಂದೆ ಈ ಕಾರಣವೂ ಇರುತ್ತದೆ.

ಒಂದು ಊರು, ಹಲವು ಬರವಣಿಗೆ

ಇನ್ನು ಹುಡುಕುವವರು ಮಾಡಬೇಕಾದ ಕೆಲಸಕ್ಕೆ ಬರೋಣ. ಮೊದಲ ನಿಯಮ: ಊರಿನ ಹೆಸರನ್ನು ಇಂದಿನ ಕಾಗುಣಿತದಲ್ಲಿ ಮಾತ್ರ ಹುಡುಕಬೇಡಿ.

ಹಳೆಯ ಬರಹಗಳಲ್ಲಿ ಎಮ್ಮಿಗನೂರು 'ಯೆಮ್ಮಿಗನೂರು' ಆಗಿರಬಹುದು, 'ಎಂಮಿಗನೂರು' ಆಗಿರಬಹುದು. ಇಂಗ್ಲಿಷಿನಲ್ಲಿ ಇ ಅಕ್ಷರದಿಂದಲೂ ವೈ ಅಕ್ಷರದಿಂದಲೂ ಆರಂಭಿಸಿ ನೋಡಬೇಕು. ಹೊಸಪೇಟೆಗೆ ಇಂಗ್ಲಿಷ್ ದಾಖಲೆಗಳಲ್ಲಿ ಬಹುಕಾಲ 'ಹಾಸ್ಪೆಟ್' ಎಂಬ ರೂಪವಿತ್ತು. ಹಂಪಿ ಎಂದರೆ ಸಿಗದ ಲೇಖನ ಹಂಪೆ, ಪಂಪಾಕ್ಷೇತ್ರ ಅಥವಾ ವಿಜಯನಗರ ಎಂದರೆ ಸಿಗುತ್ತದೆ. ಸಂಡೂರನ್ನು ಸೊಂಡೂರು ಎಂದು ಬರೆದವರಿದ್ದಾರೆ. ಕಂಪ್ಲಿಗೆ ಕಂಪಿಲಿ, ಕಂಪಿಲ ಎಂಬ ಹಳೆಯ ರೂಪಗಳಿವೆ. ಆದರೆ ಈ ರೂಪಗಳಲ್ಲಿ ಹುಡುಕಿದರೆ ಹದಿನಾಲ್ಕನೆಯ ಶತಮಾನದ ಕಂಪಿಲ ರಾಜ್ಯ, ಕುಮಾರರಾಮನ ಕಥೆ ಇವೇ ಹೆಚ್ಚಾಗಿ ಬರುತ್ತವೆ ಎಂಬುದು ನೆನಪಿರಲಿ. ಅಣೆಕಟ್ಟನ್ನು ಹುಡುಕುವಾಗ ಆಣೆಕಟ್ಟು, ಅಣೆಕಟ್ಟೆ, ಜಲಾಶಯ, ಡ್ಯಾಂ ನಾಲ್ಕನ್ನೂ ಪ್ರಯತ್ನಿಸಬೇಕು. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಆರಂಭವಾದದ್ದು ಮಲ್ಲಾಪುರದ ಬಳಿ. ಆದ್ದರಿಂದ ಮಲ್ಲಾಪುರ ಎಂಬ ಹೆಸರೂ ನಿಮ್ಮ ಪಟ್ಟಿಯಲ್ಲಿರಲಿ.

ಎರಡನೆಯ ನಿಯಮ ವಿಭಕ್ತಿಗೆ ಸಂಬಂಧಿಸಿದ್ದು. ಕನ್ನಡದಲ್ಲಿ ಊರಿನ ಹೆಸರು ಒಂಟಿಯಾಗಿ ಬರುವುದೇ ಅಪರೂಪ. ಎಮ್ಮಿಗನೂರಿನ, ಎಮ್ಮಿಗನೂರಿಗೆ, ಎಮ್ಮಿಗನೂರಲ್ಲಿ ಎಂದೇ ವಾಕ್ಯದಲ್ಲಿ ಬರುತ್ತದೆ. ಯಂತ್ರಕ್ಕೆ ವ್ಯಾಕರಣ ಕಲಿಸಿರದಿದ್ದರೆ ಇವೆಲ್ಲ ಬೇರೆ ಬೇರೆ ಪದಗಳೇ. ಕೆಲವು ಭಂಡಾರಗಳಲ್ಲಿ ಪದದ ಕೊನೆಗೆ ನಕ್ಷತ್ರ ಚಿಹ್ನೆ ಹಾಕಿದರೆ 'ಮುಂದೆ ಏನಿದ್ದರೂ ಸರಿ' ಎಂದು ಯಂತ್ರ ತಿಳಿಯುತ್ತದೆ. ಅಲ್ಲಿ ಕೊನೆಯ ಉಕಾರವನ್ನು ಬಿಟ್ಟು 'ಎಮ್ಮಿಗನೂರ' ಎಂದು ಬರೆದು ನಕ್ಷತ್ರ ಹಾಕಿ. ಯೂನಿಕೋಡ್‌ನಲ್ಲಿ ವ್ಯಂಜನದ ನಂತರ ಸ್ವರಚಿಹ್ನೆ ಪ್ರತ್ಯೇಕವಾಗಿ ದಾಖಲಾಗುವುದರಿಂದ ನೂರು, ನೂರಿನ, ನೂರಲ್ಲಿ ಮೂರಕ್ಕೂ 'ನೂರ' ಎಂಬುದೇ ಸಮಾನ ಭಾಗ. ನಕ್ಷತ್ರ ಒಪ್ಪದ ಭಂಡಾರದಲ್ಲಿ ಒಂದೊಂದು ರೂಪವನ್ನೂ ಬೇರೆ ಬೇರೆಯಾಗಿ ಹುಡುಕದೆ ವಿಧಿಯಿಲ್ಲ.

ಮೂರನೆಯದು ಅಂಕೆಗಳ ವಿಷಯ. ಹಳೆಯ ಪತ್ರಿಕೆಗಳು ಬಹುಮಟ್ಟಿಗೆ ಕನ್ನಡ ಅಂಕೆಗಳನ್ನೇ ಬಳಸುತ್ತಿದ್ದವು. 1953 ಎಂದು ಹುಡುಕಿದರೆ ಸಿಗದ್ದು ೧೯೫೩ ಎಂದರೆ ಸಿಗಬಹುದು.

ನಾಲ್ಕನೆಯದು, ಎಲ್ಲಿ ಹುಡುಕುತ್ತಿದ್ದೀರಿ ಎಂಬುದು. ಇಂಟರ್ನೆಟ್ ಆರ್ಕೈವ್‌ನ ಹುಡುಕು ಪೆಟ್ಟಿಗೆ ತಾನಾಗಿಯೇ ನೋಡುವುದು ಕೃತಿಯ ಹೆಸರು, ಲೇಖಕ, ವಿವರಣೆ ಇವನ್ನು ಮಾತ್ರ. ಪುಟಗಳ ಒಳಗಿನ ಬರಹವನ್ನು ನೋಡಬೇಕಾದರೆ 'ಪಠ್ಯದೊಳಗೆ ಹುಡುಕು' ಎಂಬ ಆಯ್ಕೆಯನ್ನು ನಾವೇ ಗುರುತಿಸಬೇಕು. ಶಿಕ್ಷಕರಿಗೆ ಕನ್ನಡದಲ್ಲಿ ಏನೂ ಸಿಗದಿರಲು ಇದೂ ಒಂದು ಕಾರಣವಾಗಿರಬಹುದು. ಸಂಚಿಕೆಯೊಂದನ್ನು ತೆರೆದ ಮೇಲೆ ಅದರೊಳಗೆ ಮಾತ್ರ ಹುಡುಕಲು ಬೇರೆ ಪೆಟ್ಟಿಗೆ ಇರುತ್ತದೆ.

ಎರಡು ಎಮ್ಮಿಗನೂರು

ಈಗ ಮಗ್ಗದ ಪ್ರಶ್ನೆ. ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯಲ್ಲಿ, ಆದೋನಿಯ ಆಚೆ, ಇನ್ನೊಂದು ಎಮ್ಮಿಗನೂರು ಇದೆ. ಕೈಮಗ್ಗಕ್ಕೂ ನೇಕಾರರ ಸಹಕಾರ ಸಂಘಕ್ಕೂ ಹೆಸರಾದದ್ದು ಆ ಊರು. ಇಂಗ್ಲಿಷ್ ಪತ್ರಿಕೆಗಳಲ್ಲಿ ರಾಶಿ ರಾಶಿ ಸಿಗುವುದು ಅದರ ಸುದ್ದಿಯೇ.

ಹಾಗಾದರೆ ಬಳ್ಳಾರಿ ಜಿಲ್ಲೆ ಎಂದು ಏಕೆ ಇದೆ? ಇಲ್ಲಿಯೇ ಎಚ್ಚರ ಬೇಕಾದದ್ದು. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆ ಮದ್ರಾಸ್ ರಾಜ್ಯದಲ್ಲಿತ್ತು. ಆ ದಿನ ಜಿಲ್ಲೆ ಒಡೆಯಿತು. ಬಳ್ಳಾರಿ, ಹೊಸಪೇಟೆ, ಸಂಡೂರು ಮುಂತಾದ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ನೇಕಾರರ ಎಮ್ಮಿಗನೂರು ಆದೋನಿಯ ಕಡೆಯದು. ಎಂದರೆ 1953ಕ್ಕೆ ಮೊದಲು ಎರಡು ಎಮ್ಮಿಗನೂರುಗಳೂ ಬಳ್ಳಾರಿ ಜಿಲ್ಲೆಯವೇ. ಆದ್ದರಿಂದ 1940ರ ಬರಹದಲ್ಲಿ ಬಳ್ಳಾರಿ ಜಿಲ್ಲೆ ಎಂದಿರುವುದು ಯಾವ ಊರಿಗೂ ಸಾಕ್ಷಿಯಾಗದು.

ಇಂಥ ಕಡೆ ನೆರೆಹೊರೆಯನ್ನು ನೋಡಬೇಕು. ಅದೇ ಲೇಖನದಲ್ಲಿ ಆದೋನಿ, ಮಂತ್ರಾಲಯ, ಕರ್ನೂಲಿನ ಹೆಸರುಗಳಿದ್ದರೆ ಅದು ಆಚೆಯ ಊರು. ಕಂಪ್ಲಿ, ಕುರುಗೋಡು, ಹೊಸಪೇಟೆ, ಗಂಗಾವತಿ ಇದ್ದರೆ ಈಚೆಯ ಊರು. ಎರಡೂ ಇಲ್ಲದಿದ್ದರೆ ಆ ಬರಹವನ್ನು ಬದಿಗಿಡಿ. ಹುಡುಕುವಾಗಲೇ 'ಎಮ್ಮಿಗನೂರು' ಜೊತೆಗೆ 'ಕಂಪ್ಲಿ' ಎಂಬ ಪದವನ್ನೂ ಸೇರಿಸಿದರೆ ರಾಶಿ ಕರಗುತ್ತದೆ.

ಆಡಳಿತದ ಗಡಿ ಬದಲಾಗುವುದು 1953ಕ್ಕೆ ಮುಗಿಯಲಿಲ್ಲ. ಕಂಪ್ಲಿ ಬಹುಕಾಲ ಹೊಸಪೇಟೆ ತಾಲ್ಲೂಕಿನಲ್ಲಿದ್ದು ಈಚಿನ ವರ್ಷಗಳಲ್ಲಿ ಬೇರೆ ತಾಲ್ಲೂಕಾಯಿತು. 2021ರಲ್ಲಿ ಹೊಸಪೇಟೆ ಕೇಂದ್ರವಾಗಿ ವಿಜಯನಗರ ಜಿಲ್ಲೆ ರಚನೆಯಾದಾಗ ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿಯಿತು. ಆದ್ದರಿಂದ ಕಂಪ್ಲಿಯ ಹಳೆಯ ಸುದ್ದಿ 'ಹೊಸಪೇಟೆ ತಾಲ್ಲೂಕು' ಎಂಬ ತಲೆಬರಹದ ಕೆಳಗಿರಬಹುದು. ಇಂದಿನ ವಿಳಾಸ ಹಿಡಿದು ನಿನ್ನೆಯ ಮನೆಯನ್ನು ಹುಡುಕಬಾರದು.

ಸಂಪುಟ, ಸಂಚಿಕೆ, ಸಂವತ್ಸರ

ಪದದಿಂದ ಸಿಗದಿದ್ದಾಗ ಕಾಲದಿಂದ ಹುಡುಕಬೇಕು. ಹಂಪಿಯಲ್ಲಿ ವಿಜಯನಗರದ ಆರುನೂರನೆಯ ವರ್ಷದ ಉತ್ಸವ ನಡೆದದ್ದು 1936ರಲ್ಲಿ. ಆ ವರ್ಷದ ಸಂಚಿಕೆಗಳ ಪರಿವಿಡಿಗಳನ್ನು ಒಂದೊಂದಾಗಿ ತೆರೆದು ನೋಡಿದರೆ ಯಂತ್ರ ತೋರಿಸದ ಲೇಖನಗಳು ಕಣ್ಣಿಗೆ ಬೀಳುತ್ತವೆ. ತುಂಗಭದ್ರೆಯ ನೀರು ಜಲಾಶಯದಲ್ಲಿ ನಿಂತ 1953, ಹಂಪಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ 1986, ಜಲಾಶಯದ 19ನೆಯ ಗೇಟು ಕೊಚ್ಚಿಹೋದ 2024ರ ಆಗಸ್ಟ್ ಇವೂ ಇಂಥ ಗುರುತಿನ ಕಲ್ಲುಗಳು. ಹನ್ನೆರಡು ಪರಿವಿಡಿಗಳನ್ನು ಓದಲು ಅರ್ಧ ಗಂಟೆ ಸಾಕು.

ಹಳೆಯ ಕನ್ನಡ ಮಾಸಪತ್ರಿಕೆಗಳಲ್ಲಿ ಕಾಲವನ್ನು ಸಂವತ್ಸರ, ಮಾಸಗಳಿಂದ ಸೂಚಿಸುವ ರೂಢಿಯೂ ಇತ್ತು. 'ವಿಜಯ ಸಂವತ್ಸರ' ಎಂದಿದ್ದರೆ ಅದು 1953ರ ಯುಗಾದಿಯಿಂದ 1954ರ ಯುಗಾದಿಯವರೆಗೆ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುವುದರಿಂದ 2013ರಲ್ಲಿಯೂ ವಿಜಯ ಸಂವತ್ಸರವೇ. ಒಂದು ಸಂಪುಟ ಎರಡು ಇಂಗ್ಲಿಷ್ ವರ್ಷಗಳಿಗೆ ಹರಡಿರುವುದೂ ಸಾಮಾನ್ಯ. ಭಂಡಾರದವರು ಅದನ್ನು ಒಂದೇ ವರ್ಷದ ಹೆಸರಿನಲ್ಲಿ ದಾಖಲಿಸಿರುತ್ತಾರೆ. ಹಿಂದಿನ ಒಂದು ವರ್ಷ, ಮುಂದಿನ ಒಂದು ವರ್ಷ ಸೇರಿಸಿ ನೋಡುವುದು ಒಳ್ಳೆಯದು.

ಸಿಕ್ಕ ಮೇಲೆ

ಸಿಕ್ಕ ಬರಹವನ್ನು ಯಂತ್ರ ತೋರಿಸುವ ಅಕ್ಷರಗಳಿಂದ ನಕಲು ಮಾಡಬೇಡಿ. ಪುಟದ ಚಿತ್ರವನ್ನು ತೆರೆದು ಕಣ್ಣಾರೆ ಓದಿ ಬರೆದುಕೊಳ್ಳಿ. ೧ ಮತ್ತು ೦, ೬ ಮತ್ತು ೯ ಇವುಗಳಲ್ಲಿ ಯಂತ್ರ ಎಡವಿದರೆ ಇಸವಿಯೇ ಬದಲಾಗುತ್ತದೆ. ಪತ್ರಿಕೆಯ ಹೆಸರು, ಸಂಪುಟ, ಸಂಚಿಕೆ, ತಿಂಗಳು, ಅಚ್ಚಾದ ಪುಟಸಂಖ್ಯೆ ಇಷ್ಟನ್ನೂ ಗುರುತು ಹಾಕಿಕೊಳ್ಳಿ. ಪರದೆಯ ಮೇಲೆ ಕಾಣುವ ಪುಟಸಂಖ್ಯೆಯಲ್ಲಿ ರಕ್ಷಾಪುಟಗಳೂ ಸೇರಿರುವುದರಿಂದ ಅದು ಅಚ್ಚಿನ ಪುಟಸಂಖ್ಯೆಗೆ ಹೊಂದುವುದಿಲ್ಲ. ಮುಂದೆ ಯಾರಾದರೂ ಕಾಗದದ ಸಂಚಿಕೆಯಲ್ಲಿ ನೋಡಬಯಸಿದರೆ ಅವರಿಗೆ ಬೇಕಾದದ್ದು ಅಚ್ಚಿನ ಸಂಖ್ಯೆ.

ಅಂತರಜಾಲದಲ್ಲಿ ಓದಲು ಸಿಕ್ಕಿತೆಂದರೆ ಮರುಮುದ್ರಿಸಲು ಅನುಮತಿ ಸಿಕ್ಕಿತೆಂದಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕರು ತೀರಿಕೊಂಡ ಬಳಿಕ 60 ವರ್ಷಗಳ ಕಾಲ ಹಕ್ಕು ಉಳಿದಿರುತ್ತದೆ. ಅಧ್ಯಯನಕ್ಕೆ ಬಳಸಿಕೊಳ್ಳಬಹುದು, ಮೂಲವನ್ನು ಹೆಸರಿಸಿ ಒಂದೆರಡು ವಾಕ್ಯ ಎತ್ತಿಕೊಳ್ಳಬಹುದು. ಇಡೀ ಲೇಖನವನ್ನು ಸ್ಮರಣ ಸಂಚಿಕೆಯಲ್ಲಿ ಹಾಕಬೇಕಾದರೆ ಹಕ್ಕುದಾರರನ್ನು ಕೇಳಬೇಕು.

ಸಿಗದಿದ್ದರೆ

ಇಷ್ಟಾದರೂ ಸಿಗದಿದ್ದರೆ? 'ನಮ್ಮ ಊರಿನ ಬಗ್ಗೆ ಯಾರೂ ಬರೆದಿಲ್ಲ' ಎಂದು ತೀರ್ಮಾನಿಸುವುದು ಬೇಡ. 'ನಾನು ನೋಡಿದ ಭಂಡಾರದಲ್ಲಿ, ನಾನು ಹುಡುಕಿದ ರೂಪದಲ್ಲಿ ಸಿಗಲಿಲ್ಲ' ಎನ್ನುವುದಷ್ಟೇ ಸರಿ. ಭಂಡಾರಗಳಲ್ಲಿ ಎಲ್ಲ ಸಂಚಿಕೆಗಳೂ ಇರುವುದಿಲ್ಲ. ಹಳೆಯ ಸಂಪುಟಗಳನ್ನು ರಟ್ಟು ಕಟ್ಟಿಸುವಾಗ ಹೊದಿಕೆ, ಜಾಹೀರಾತುಗಳನ್ನು ಕಿತ್ತು ಎಸೆದಿರುವುದುಂಟು. ಸಣ್ಣ ಊರುಗಳ ಪತ್ರಿಕೆಗಳಂತೂ ಸ್ಕ್ಯಾನರ್‌ವರೆಗೆ ತಲುಪುವುದೇ ಅಪರೂಪ.

ಬಳ್ಳಾರಿ ಸೀಮೆ ಪತ್ರಿಕೆಗಳಿಗೆ ಹೊಸತಲ್ಲ. ಹೆರ್ಮನ್ ಮೋಗ್ಲಿಂಗ್ 1843ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಮೊದಲ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ' 1844ರಲ್ಲಿ 'ಕನ್ನಡ ಸಮಾಚಾರ'ವೆಂಬ ಹೆಸರಿನಲ್ಲಿ ಅಚ್ಚಾದದ್ದು ಬಳ್ಳಾರಿಯಲ್ಲಿ. ಹೀಗಿರುವಾಗ ಕಾಗದದ ಕಡೆಗೂ ಕಾಲು ಹಾಕಬೇಕು. ಎಮ್ಮಿಗನೂರಿನವರಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಗ್ರಂಥಾಲಯ ದೂರವಲ್ಲ. 1953ಕ್ಕೆ ಹಿಂದಿನ ಸಂಗತಿಯಾದರೆ ಚೆನ್ನೈಯ ಕನ್ನಿಮಾರ ಗ್ರಂಥಾಲಯ ಮತ್ತು ತಮಿಳುನಾಡು ಪತ್ರಾಗಾರವನ್ನು ಮರೆಯಬಾರದು. ಆಗ ನಮ್ಮ ರಾಜಧಾನಿ ಮದ್ರಾಸು. ಬೆಂಗಳೂರು, ಮೈಸೂರುಗಳಲ್ಲಿ ಸಿಗದ ಬಳ್ಳಾರಿಯ ಕಾಗದ ಅಲ್ಲಿ ಇರುವ ಸಾಧ್ಯತೆ ಹೆಚ್ಚು.

ಮನೆಯಲ್ಲಿ ಗಣಕ ಇಲ್ಲದವರು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ವಿಚಾರಿಸಬಹುದು. ಮೊಬೈಲ್ ಫೋನಿನಲ್ಲೂ ಹುಡುಕಬಹುದು. ಆದರೆ ಹಳೆಯ ಅಚ್ಚನ್ನು ಓದಲು ದೊಡ್ಡ ಪರದೆ ಇದ್ದರೆ ಕಣ್ಣಿಗೆ ಹಿತ.

ಇನ್ನು ನಾವು ಭಂಡಾರಕ್ಕೆ ಕೊಡಬಹುದಾದದ್ದೂ ಇದೆ. ಕನ್ನಡ ವಿಕಿಸೋರ್ಸ್ ಎಂಬ ತಾಣದಲ್ಲಿ ಹಕ್ಕು ಮುಗಿದ ಕೃತಿಗಳ ಪುಟದ ಚಿತ್ರ ಒಂದು ಬದಿಯಲ್ಲಿ, ಯಂತ್ರ ಓದಿದ ಬರಹ ಇನ್ನೊಂದು ಬದಿಯಲ್ಲಿ ಇರುತ್ತದೆ. ಹೋಲಿಸಿ ನೋಡಿ ತಪ್ಪು ತಿದ್ದುವ ಕೆಲಸವನ್ನು ಯಾರು ಬೇಕಾದರೂ ಮಾಡಬಹುದು. ಪ್ರೌಢಶಾಲೆಯ ಮಕ್ಕಳಿಗೆ ಇದು ಕಾಗುಣಿತದ ಅಭ್ಯಾಸವೂ ಹೌದು. ಮಕ್ಕಳು ತಿದ್ದಿದ ಪ್ರತಿಯೊಂದು ಪದವೂ ಮುಂದೆ ಹುಡುಕುವವರ ಕೈಗೆ ಸಿಗುತ್ತದೆ.

ಅಟ್ಟದ ಮೇಲೆ, ಮಠದ ಕೋಣೆಯಲ್ಲಿ, ಶಾಲೆಯ ಹಳೆಯ ಬೀರುವಿನಲ್ಲಿ ರಟ್ಟು ಕಟ್ಟಿಸಿದ ಸಂಪುಟಗಳಿದ್ದರೆ ರದ್ದಿ ಅಂಗಡಿಗೆ ಹಾಕುವ ಮುನ್ನ ಒಮ್ಮೆ ತೆರೆದು ನೋಡಿ. ಯಾವ ಪತ್ರಿಕೆ, ಯಾವ ವರ್ಷ, ಎಷ್ಟು ಸಂಚಿಕೆ ಎಂದು ಒಂದು ಹಾಳೆಯಲ್ಲಿ ಪಟ್ಟಿ ಮಾಡಿ ಹತ್ತಿರದ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ತಿಳಿಸಿ. ಯಾವ ಯಂತ್ರವೂ ಈವರೆಗೆ ಓದದ ನಿಮ್ಮ ಊರಿನ ಸುದ್ದಿ ಅದರಲ್ಲೇ ಇರಬಹುದು.